75 ವರ್ಷ ಅಗ್ರಪಟ್ಟ ಬಿಡದ ಸಂಖ್ಯೆ

170141183460469231731687303715884105727.

ಮೂವತ್ತೊಂಬತ್ತು ಅಂಕಿ. 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ ಸಿಗುವ ಸಂಖ್ಯೆ ಇದು. ಚದುರಂಗದ ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಕಾಳು ಇಡುವ ಹಳೆಯ ಕಥೆ ನೆನಪಿದ್ದರೆ, 127 ಮನೆ ತುಂಬಿದಾಗ ಆಗುವ ಒಟ್ಟು ಕಾಳುಗಳೂ ಇಷ್ಟೇ. ಇದು ಅವಿಭಾಜ್ಯ, 1 ಮತ್ತು ತನ್ನನ್ನು ಬಿಟ್ಟರೆ ಬೇರಾವುದೂ ಇದನ್ನು ಶೇಷವಿಲ್ಲದೆ ಭಾಗಿಸಲಾರದು.

ಪ್ಯಾರಿಸ್‌ನ ಸನ್ಯಾಸಿ ಮರ್ಸೆನ್ 1644ರಲ್ಲೇ ಹಾಗೆಂದಿದ್ದ. 257ರವರೆಗಿನ ಯಾವ ಯಾವ ಘಾತಗಳಿಗೆ, ಅಂದರೆ ಎಷ್ಟೆಷ್ಟು ಎರಡುಗಳನ್ನು ಗುಣಿಸಿ 1 ಕಳೆದರೆ, ಇಂಥ ಅವಿಭಾಜ್ಯ ಸಿಗುತ್ತದೆ ಎಂದು ಅವನು ಕೊಟ್ಟ ಪಟ್ಟಿಯಲ್ಲಿ 127 ಇತ್ತು. ಆದರೆ ಆ ಪಟ್ಟಿಯಲ್ಲಿದ್ದ 67 ಮತ್ತು 257 ತಪ್ಪು. ಇರಬೇಕಾಗಿದ್ದ 61, 89, 107 ಬಿಟ್ಟುಹೋಗಿದ್ದವು. ಆದ್ದರಿಂದ 127ರ ಬಗ್ಗೆ ಅವನ ಮಾತನ್ನಷ್ಟೇ ನಂಬುವಂತಿರಲಿಲ್ಲ.

ಪರೀಕ್ಷಿಸುವುದಾದರೂ ಹೇಗೆ? 31ನೇ ಘಾತದ ಸಂಖ್ಯೆಗೆ ಭಾಜಕಗಳನ್ನು 46,340ರವರೆಗೆ ಹುಡುಕಿದರೆ ಸಾಕಿತ್ತು; ಅದು ಅವಿಭಾಜ್ಯವೆಂದು ಆಯ್ಲರ್ 1772ರ ಹೊತ್ತಿಗೆ ತೋರಿಸಿದ್ದ. 127ಕ್ಕೆ ಬಂದರೆ ಇಪ್ಪತ್ತು ಅಂಕಿಯ ಭಾಜಕಗಳವರೆಗೆ ಹೋಗಬೇಕು. ಮನುಷ್ಯನ ಆಯುಸ್ಸಿನಲ್ಲಿ ಅದು ಮುಗಿಯುವ ಕೆಲಸವಲ್ಲ.

1876ರಲ್ಲಿ ಫ್ರಾನ್ಸಿನ ಎಡ್ವಾರ್ಡ್ ಲ್ಯೂಕಾಸ್ ಭಾಜಕ ಹುಡುಕುವುದನ್ನೇ ಕೈಬಿಟ್ಟು, ಬೇರೊಂದು ಉಪಾಯದಿಂದ ಈ ಸಂಖ್ಯೆ ಅವಿಭಾಜ್ಯವೆಂದು ತೋರಿಸಿದ. ಅವನ ಉಪಾಯವನ್ನು ಮುಂದೆ ಅಮೆರಿಕದ ಲೆಹ್ಮರ್ ಸರಳಗೊಳಿಸಿದ. ಆ ರೂಪದಲ್ಲಿ 31ನ್ನು, ಅಂದರೆ 5ನೇ ಘಾತದ ಸಂಖ್ಯೆಯನ್ನು, ಪರೀಕ್ಷಿಸಿ ನೋಡೋಣ. 4ರಿಂದ ಶುರು. ವರ್ಗ ಮಾಡಿ 2 ಕಳೆಯಿರಿ: 14. ಮತ್ತೆ ಹಾಗೇ ಮಾಡಿ: 194. ಇದನ್ನು 31ರಿಂದ ಭಾಗಿಸಿದರೆ ಶೇಷ 8. ಇನ್ನೊಮ್ಮೆ: 62. ಶೇಷ ಸೊನ್ನೆ! 31 ಅವಿಭಾಜ್ಯ. ಘಾತಕ್ಕಿಂತ ಎರಡು ಕಡಿಮೆ ಹೆಜ್ಜೆ, ಅಷ್ಟೇ. 127ಕ್ಕೆ 125 ಹೆಜ್ಜೆ.

ಪ್ರತಿ ಹೆಜ್ಜೆಯ ಭಾಗಾಕಾರವೂ ಭಯಪಡುವಷ್ಟು ಕಷ್ಟವಲ್ಲ. ಸೊನ್ನೆ, ಒಂದುಗಳಲ್ಲೇ ಬರೆಯುವ ದ್ವಿಮಾನ ಪದ್ಧತಿಯಲ್ಲಿ ಈ ಸಂಖ್ಯೆ ಸಾಲಾಗಿ ನಿಂತ 127 ಒಂದುಗಳು. ವರ್ಗ ಮಾಡಿದಾಗ 127 ಸ್ಥಾನ ದಾಟಿ ಉಕ್ಕಿದ ಭಾಗವನ್ನು ಕತ್ತರಿಸಿ ತಂದು ಉಳಿದದ್ದಕ್ಕೆ ಕೂಡಿಸಿದರೆ ಆಯಿತು, ಭಾಗಿಸುವ ಗೋಜೇ ಇಲ್ಲ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಚೆಲುವಾಗಿ ಕಾಣುವುದು ಇದೇ: ಸಂಖ್ಯೆಯ ಆಕಾರವೇ ಅದರ ಪರೀಕ್ಷೆಯನ್ನು ಹಗುರಗೊಳಿಸುತ್ತದೆ. (ಕಾಶಿಯ ದೇವಾಲಯದ ಕಥೆ ಹೆಣೆದುಕೊಂಡಿರುವ ಹನೋಯ್ ಗೋಪುರದ ಆಟವೂ, ಅಂದರೆ ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುವ ಆಟವೂ, ಲ್ಯೂಕಾಸನದೇ. 127 ಬಿಲ್ಲೆಗಳಿದ್ದರೆ ಅಲ್ಲೂ ಬೇಕಾಗುವ ಕನಿಷ್ಠ ನಡೆಗಳು ಇಷ್ಟೇ.)

ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯವೆಂಬ ಪಟ್ಟ 1951ರವರೆಗೂ ಇದರದೇ. ಆ ವರ್ಷ ಫೆರಿಯರ್ ಮೇಜಿನ ಲೆಕ್ಕಯಂತ್ರ ತಿರುಗಿಸಿ 44 ಅಂಕಿಯದನ್ನು ಕಂಡ. ಕೇಂಬ್ರಿಜ್‌ನ ಕಂಪ್ಯೂಟರ್ 79 ಅಂಕಿಯದನ್ನು ಕೊಟ್ಟಿತು. 2024ರಲ್ಲಿ ಪ್ರಕಟವಾದದ್ದಕ್ಕೆ 4,10,24,320 ಅಂಕಿಗಳು. ಅದನ್ನು ಖಚಿತಪಡಿಸಿಕೊಂಡದ್ದೂ 4ರಿಂದ ಶುರುವಾಗುವ ಅದೇ ಲೆಕ್ಕದಿಂದ.

ಇನ್ನೊಂದು ಸೋಜಿಗ ಬಾಕಿಯಿದೆ. ಎರಡರ 2ನೇ ಘಾತದಲ್ಲಿ 1 ಕಳೆದರೆ 3, 3ನೇ ಘಾತದಲ್ಲಿ ಕಳೆದರೆ 7, 7ನೇ ಘಾತದಲ್ಲಿ ಕಳೆದರೆ 127, 127ನೇ ಘಾತದಲ್ಲಿ ಕಳೆದರೆ ನಮ್ಮ ಈ ಸಂಖ್ಯೆ. ಎಲ್ಲವೂ ಅವಿಭಾಜ್ಯ. ಈ ಸರಪಳಿಯ ಮುಂದಿನ ಕೊಂಡಿ ಅವಿಭಾಜ್ಯವೋ ಅಲ್ಲವೋ, ಇಂದಿಗೂ ಯಾರಿಗೂ ತಿಳಿದಿಲ್ಲ.