ಮಂಗ ಬೇಡ, ತುಣುಕು ಸಾಕು

ನಮ್ಮ ತೋಟಕ್ಕೆ ಬರುವ ಮಂಗನಿಗೆ 42 ಕ್ರೋಮೋಸೋಮ್ (ಜೀವಕೋಶದಲ್ಲಿ ಡಿಎನ್‌ಎ ಸುತ್ತಿಟ್ಟ ಕಟ್ಟು). ನಮಗೆ 46. ಅದು ಬೊಂಡ ಕಿತ್ತು, ಅರ್ಧ ಕುಡಿದು ಬಿಸಾಡುವಾಗ ಈ ಲೆಕ್ಕ ಯಾರಿಗೆ ನೆನಪಾಗುತ್ತದೆ? ಗರ್ನಾಲು ಎಲ್ಲಿದೆ ಎಂದು ಹುಡುಕುವುದೇ ಸರಿ. ಕಾಸರಗೋಡಿನ ತೋಟದವರಿಗೆ ಮಂಗ ಎಂದರೆ ಅಷ್ಟೇ. ಆದರೆ ಇದರ ಉತ್ತರ ಭಾರತದ ನೆಂಟ, ಕೆಂಪು ಮೋರೆಯ ರೀಸಸ್, ವಿಜ್ಞಾನಕ್ಕಾಗಿ ಕಡಲು ದಾಟಿದೆ.

1950ರ ದಶಕದಲ್ಲಿ ಪೋಲಿಯೊ ಲಸಿಕೆ ತಯಾರಿಸಲು ಮಂಗನ ಕಿಡ್ನಿಯ ಜೀವಕೋಶ ಬೇಕಿತ್ತು. ರೀಸಸ್ ಮಂಗಗಳು ಭಾರತದಿಂದ ಸಾವಿರಗಟ್ಟಲೆ ಅಮೆರಿಕಕ್ಕೆ ಹೋದವು. ಮುಂದೆ ಅವುಗಳನ್ನು ಮಿಲಿಟರಿಯ ವಿಕಿರಣ ಪ್ರಯೋಗಕ್ಕೂ ಬಳಸಿದ ಸುದ್ದಿ ಬಂತು. 1978ರಲ್ಲಿ ಭಾರತ ರಫ್ತು ನಿಲ್ಲಿಸಿತು.

ಆಗೆಲ್ಲ ಪ್ರಾಣಿಯೇ ಪ್ರಯಾಣ ಮಾಡಬೇಕಿತ್ತು. ಡಿಎನ್‌ಎ ಓದುವವರಿಗೆ ಬೇಕಾದದ್ದು ಅದರ ಒಂದು ತುಣುಕು ಮಾತ್ರ. ಆ ತುಣುಕನ್ನು ಕೆಡದಂತೆ ಇಟ್ಟು, ಕೇಳಿದವರಿಗೆ ಕೊಡುವುದು ಹೇಗೆ ಎಂಬುದೇ ತಲೆನೋವಾಗಿತ್ತು. ಮೊದಲು ಬಂದ ಕಾಸ್ಮಿಡ್ ಎಂಬ ವಾಹಕದಲ್ಲಿ ಡಿಎನ್‌ಎಯ ಸುಮಾರು 40 ಸಾವಿರ ಅಕ್ಷರ (ಎ, ಟಿ, ಜಿ, ಸಿ) ಹಿಡಿಯುತ್ತಿತ್ತು. ಡಿಎನ್‌ಎಯ ಬರಹದಲ್ಲಿ ಅದು ಏನೇನೂ ಸಾಲದು. 1987ರಲ್ಲಿ ತುಣುಕನ್ನು ಯೀಸ್ಟಿನೊಳಗೆ (ಹಿಟ್ಟು ಹುದುಗಿಸುವ ಸೂಕ್ಷ್ಮಜೀವಿ) ಇಡುವ ದಾರಿ ಬಂತು. ಜಾಗ ಬೇಕಾದಷ್ಟು, ಆದರೆ ಎರಡು ಕಡೆಯ ತುಣುಕುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ಎರಡು ಪುಸ್ತಕದ ಹಾಳೆಗಳನ್ನು ಒಂದೇ ರಟ್ಟಿಗೆ ಹೊಲಿದ ಹಾಗೆ. 1992ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹಿರೋಅಕಿ ಶಿಜುಯಾ, ಮೆಲ್ವಿನ್ ಸೈಮನ್ ಮತ್ತು ಜೊತೆಗಾರರು ಇ. ಕೋಲಿ ಬ್ಯಾಕ್ಟೀರಿಯಾದೊಳಗೇ ಒಂದು ಕೃತಕ ಕ್ರೋಮೋಸೋಮ್ ಕೂರಿಸಿದರು. ಹೆಸರು ಬ್ಯಾಕ್ಟೀರಿಯಲ್ ಆರ್ಟಿಫಿಶಿಯಲ್ ಕ್ರೋಮೋಸೋಮ್, ಚಿಕ್ಕದಾಗಿ ಬ್ಯಾಕ್. ಒಂದೂವರೆ ಎರಡು ಲಕ್ಷ ಅಕ್ಷರ ಇದರಲ್ಲಿ ಆರಾಮಾಗಿ ಕೂರುತ್ತದೆ. ಒಂದು ಜೀವಕೋಶದಲ್ಲಿ ಒಂದೆರಡೇ ಪ್ರತಿ ಇರುವುದರಿಂದ ಕಲಸುಮೇಲೋಗರವೂ ಕಮ್ಮಿ.

ಒಂದು ಪ್ರಾಣಿಯ ಇಂತಹ ತುಣುಕುಗಳ ಸಂಗ್ರಹಕ್ಕೆ ಲೈಬ್ರರಿ ಎಂದು ಹೆಸರು. ಅದನ್ನು ಕಟ್ಟುವ ಕೆಲಸ ನೋಡಲು ಅಡುಗೆಯ ಹಾಗೇ ಇದೆ. ಪ್ರಾಣಿಯ ರಕ್ತದ ಬಿಳಿ ಕಣಗಳನ್ನು ಅಗರೋಸ್ ಜೆಲ್ಲಿಯಲ್ಲಿ ಹೆಪ್ಪುಗಟ್ಟಿಸುತ್ತಾರೆ. ಮನೆಯಲ್ಲಿ ಪುಡಿಂಗ್‌ಗೆ ಹಾಕುವ ಚೈನಾಗ್ರಾಸ್ ಇದೆಯಲ್ಲ, ಅದರದ್ದೇ ಜಾತಿ. ಸುಮ್ನೆ ನೀರಿನಲ್ಲಿ ಬಿಟ್ಟರೆ ಉದ್ದದ ಡಿಎನ್‌ಎ ತುಂಡಾಗಿಬಿಡುತ್ತದೆ. ಆಮೇಲೆ ಕತ್ತರಿಸುವ ಕಿಣ್ವ ಹಾಕಿ, ಕೆಲಸ ಪೂರ್ತಿ ಆಗುವ ಮೊದಲೇ ನಿಲ್ಲಿಸುತ್ತಾರೆ. ಆಗ ಒಂದೊಂದು ಕೋಶದ ಡಿಎನ್‌ಎ ಒಂದೊಂದು ಕಡೆ ತುಂಡಾಗುತ್ತದೆ. ತುಣುಕುಗಳ ಅಂಚು ಒಂದರ ಮೇಲೊಂದು ಬರುತ್ತದೆ. ಸಾಲಾಗಿ ಜೋಡಿಸಲು ಆ ಅಂಚೇ ಆಧಾರ. ಸರಿಯಾದ ಉದ್ದದವನ್ನು ಆರಿಸಿ, ಕರೆಂಟಿನ ಒಂದು ಹೊಡೆತ ಕೊಟ್ಟು ಬ್ಯಾಕ್ಟೀರಿಯಾದೊಳಗೆ ನುಗ್ಗಿಸುತ್ತಾರೆ.

ಇಡುವ ಪ್ಲೇಟು ನಮ್ಮ ಚೆನ್ನೆಮಣೆಯ ಮೊಮ್ಮಗನಂತಿದೆ. ಚೆನ್ನೆಮಣೆಗೆ 14 ಗುಳಿ, ಇದಕ್ಕೆ 384. ಹದಿನಾರು ಸಾಲು, ಸಾಲಿಗೆ 24. ಒಂದೊಂದು ಗುಳಿಯಲ್ಲಿ ಒಂದೊಂದು ತುಣುಕು ಹೊತ್ತ ಬ್ಯಾಕ್ಟೀರಿಯಾ. ಮನುಷ್ಯನ ಅಥವಾ ಚಿಂಪಾಂಜಿಯ 300 ಕೋಟಿ ಅಕ್ಷರ ಹತ್ತು ಸಲ ಬರಬೇಕೆಂದರೆ ಇಂತಹ ಪ್ಲೇಟು ನಾನೂರಕ್ಕೂ ಜಾಸ್ತಿ ಬೇಕು. ಎಲ್ಲವೂ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ. ವಾಚನಾಲಯದ ಪುಸ್ತಕದಂತೆ ಇವಕ್ಕೂ ನಂಬರಿದೆ. ಆರ್‌ಪಿ11-34ಪಿ13 ಎಂದರೆ ಆರ್‌ಪಿಸಿಐ-11 ಲೈಬ್ರರಿಯ 34ನೇ ಪ್ಲೇಟು, ಪಿ ಸಾಲು, 13ನೇ ಗುಳಿ.

ಆ ಲೈಬ್ರರಿ ಮನುಷ್ಯನದ್ದು. ಅಮೆರಿಕದ ಬಫಲೋ ನಗರದಲ್ಲಿ ವಿಜ್ಞಾನಿ ಪೀಟರ್ ಡಿ ಯಾಂಗ್ ತಂಡ ಕಟ್ಟಿದ್ದು. 1997ರಲ್ಲಿ ಊರ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ರಕ್ತ ಕೊಡುವವರನ್ನು ಕರೆದಿದ್ದರು. ಮಾನವ ಜೀನೋಮ್ (ಮನುಷ್ಯನ ಪೂರ್ತಿ ಡಿಎನ್‌ಎ ಬರಹ) ಯೋಜನೆ ಓದಿದ್ದರಲ್ಲಿ ಹೆಚ್ಚಿನ ಪಾಲು ಈ ಒಂದೇ ಲೈಬ್ರರಿಯದ್ದು. ಡಿ ಯಾಂಗ್ ಮುಂದೆ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ಗೆ ಹೋದರು. ಅಲ್ಲಿ ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್, ರೀಸಸ್ ಎಲ್ಲಕ್ಕೂ ಒಂದೊಂದು ಲೈಬ್ರರಿ ಆಯಿತು.

ನನಗೆ ಕಟ್ಟಿದ್ದಕ್ಕಿಂತ ಹಂಚಿದ ಕತೆಯೇ ದೊಡ್ಡದು ಅನಿಸುತ್ತದೆ. ನಂಬರು ಹೇಳಿ ಬರೆದರೆ, ಖರ್ಚಿನಷ್ಟು ದುಡ್ಡು ಪಡೆದು, ಸಣ್ಣ ಕೊಳವೆಯ ಅಗರ್‌ಗೆ ಬ್ಯಾಕ್ಟೀರಿಯಾ ಚುಚ್ಚಿ ಕಳುಹಿಸುತ್ತಿದ್ದರು. ದಾರಿಯಲ್ಲಿ ಐಸೂ ಬೇಡ. ಪಡೆದವರು ಬೆಳೆಸಿಕೊಂಡರೆ ಮುಗಿಯಿತು, ಕೊಟ್ಟವರಲ್ಲಿ ಏನೂ ಕಮ್ಮಿಯಾಗುವುದಿಲ್ಲ. ನಮ್ಮ ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರಿಗೆ ಈ ಸುಖವಿಲ್ಲ. ತೆಂಗಿನ ಬೀಜ ತಣ್ಣಗೆ ಇಟ್ಟರೆ ಸಾಯುತ್ತದೆ. ಹಾಗಾಗಿ ತಳಿ ಉಳಿಸಬೇಕೆಂದರೆ ದಕ್ಷಿಣ ಕನ್ನಡದ ಕಿದುವಿನ ಅವರ ತೋಟದಂತೆ ಮರವನ್ನೇ ನೆಟ್ಟು ಸಾಕಬೇಕು.

ತುಣುಕು ಕೈಯಲ್ಲಿದ್ದರೆ ಏನು ಲಾಭ? ಚಿಂಪಾಂಜಿಯ ವೈ ಕ್ರೋಮೋಸೋಮ್ (ಗಂಡಿನಲ್ಲಿ ಮಾತ್ರ ಇರುವುದು) ನೋಡಿ. ಅದರಲ್ಲಿ ಒಂದೇ ಬರಹ ಮತ್ತೆ ಮತ್ತೆ ಬರುತ್ತದೆ. ಜೀನೋಮನ್ನು ಚೂರುಚೂರು ಮಾಡಿ ಓದಿದರೆ ಯಾವ ಚೂರು ಎಲ್ಲಿಯದೋ ಗೊತ್ತಾಗುವುದಿಲ್ಲ. 2010ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಪೇಜ್ ತಂಡ ಬ್ಯಾಕ್ ತುಣುಕುಗಳನ್ನು ಒಂದೊಂದಾಗಿ ಓದಿ ಅದನ್ನು ಬಿಡಿಸಿತು. ಚಿಂಪಾಂಜಿಯ ವೈ ಭಾಗದಲ್ಲಿ ಶೇ. 30ಕ್ಕೂ ಜಾಸ್ತಿ ನಮ್ಮದಕ್ಕೆ ಹೊಂದಿಕೆಯೇ ಆಗಲಿಲ್ಲ. 'ನಮಗೂ ಅವಕ್ಕೂ ವ್ಯತ್ಯಾಸ ಶೇ. 1' ಎಂದು ಭಾಷಣದಲ್ಲಿ ಹೇಳುವವರು ಇದನ್ನೂ ಸ್ವಲ್ಪ ನೋಡಬೇಕು, ಅಲ್ವಾ?

ಈಗ ಲಕ್ಷ ಅಕ್ಷರವನ್ನು ಒಂದೇ ಉಸಿರಿಗೆ ಓದುವ ಯಂತ್ರಗಳು ಬಂದಿವೆ. 2022ರಲ್ಲಿ ಮಾನವ ಜೀನೋಮ್ ಹೆಚ್ಚುಕಡಿಮೆ ಪೂರ್ತಿಯಾಗಿದ್ದು ಅವುಗಳಿಂದಲೇ. ಹೊಸ ಲೈಬ್ರರಿ ಕಟ್ಟುವ ಅಗತ್ಯ ಕಮ್ಮಿಯಾಗಿದೆ. ಮಂಗನ ರಕ್ತ ಹೊರದೇಶಕ್ಕೆ ಕಳುಹಿಸಬೇಕಾದರೆ ಇಂದು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು, ವನ್ಯಜೀವಿ ವ್ಯಾಪಾರದ ಪರ್ಮಿಟ್ಟೂ ಬೇಕು. 1950ರ ದಶಕದಲ್ಲಿ ಇದೊಂದೂ ಇರಲಿಲ್ಲ. 2007ರಲ್ಲಿ ಪ್ರಕಟವಾದ ರೀಸಸ್ ಜೀನೋಮ್ ಅಮೆರಿಕದಲ್ಲಿದ್ದ ಒಂದು ಹೆಣ್ಣು ಮಂಗನದ್ದು. ರಫ್ತು ನಿಂತು 29 ವರ್ಷವಾಗಿತ್ತು. ಅದರ ಮೂಲ ಮಾತ್ರ ಭಾರತವೇ.