ವೀರ್ಯಾಣುವಿನ ವಿರುದ್ಧ ಲಸಿಕೆ: ಗಿನಿ ಪಿಗ್‌ನಲ್ಲಿ ಗೆದ್ದದ್ದು ಇಲಿಯಲ್ಲಿ ಏಕೆ ಸೋತಿತು?

ಮಾನಸಗಂಗೋತ್ರಿಯಲ್ಲಿ ಕೂತು, ಗರ್ಭ ನಿಲ್ಲದಂತೆ ತಡೆಯುವ ಲಸಿಕೆಯ ಈ ಪಾಠ ಓದುವಾಗ ಮದ್ದೂರಿನ ಗೆಳತಿ ಕೇಳಿದಳು: "ಗಂಡಿನ ವೀರ್ಯಾಣು ಅವನ ಮೈಯದೇ ತಾನೆ? ಅವನ ಮೈಗೇ ಅದು ಹೊರಗಿಂದು ಅನ್ಸೋದು ಹೆಂಗೆ?" ಇದು ತಿಳಿದರೆ ಉಳಿದದ್ದು ಸಲೀಸು.

ಯಾವುದು ತನ್ನದು, ಯಾವುದು ಅನ್ಯ ಎಂದು ನಮ್ಮ ರೋಗನಿರೋಧಕ ವ್ಯವಸ್ಥೆ ಬಹುಮಟ್ಟಿಗೆ ಎಳವೆಯಲ್ಲೇ ಕಲಿಯುತ್ತದೆ. ವೀರ್ಯಾಣು ಹುಟ್ಟುವುದು ಪ್ರಾಯ ಬಂದ ಮೇಲೆ. ಅದರ ಹಲವು ಪ್ರೋಟೀನುಗಳು ಆಗಲೇ ಮೊದಲು ಕಾಣಿಸಿಕೊಳ್ಳುತ್ತವೆ. ಹಾಗಾಗಿ ವೃಷಣದ ಸರ್ಟೋಲಿ ಕೋಶಗಳು ಒತ್ತಾಗಿ ಹೆಣೆದುಕೊಂಡು ಅವನ್ನು ರಕ್ತದಿಂದ ಮರೆಮಾಡುತ್ತವೆ. ಈ ತಡೆ ಒಡೆದರೆ ಪ್ರತಿಕಾಯಗಳು, ಅಂದರೆ ಅನ್ಯವಾದದ್ದಕ್ಕೆ ಅಂಟಿ ಅದನ್ನು ತಡೆಯುವ ಪ್ರೋಟೀನುಗಳು, ಏಳುತ್ತವೆ. ವ್ಯಾಸೆಕ್ಟಮಿ (ಗಂಡಸರ ಸಂತಾನ ನಿರೋಧಕ ಶಸ್ತ್ರಚಿಕಿತ್ಸೆ) ಆದ ಅನೇಕರ ರಕ್ತದಲ್ಲಿ ಅವು ಸಿಗುವುದೂ ಇದರಿಂದಲೇ. ಹೆಣ್ಣಿಗಂತೂ ವೀರ್ಯಾಣು ಪೂರ್ತಿ ಅನ್ಯ.

1988ರಲ್ಲಿ ವಿಜ್ಞಾನಿ ಪ್ರಿಮಕಾಫ್ ಮತ್ತು ಸಂಗಡಿಗರು ಗಿನಿ ಪಿಗ್‌ಗಳಿಗೆ ಪಿಎಚ್-20 ಎಂಬ ವೀರ್ಯಾಣು ಪ್ರೋಟೀನನ್ನು ಚುಚ್ಚಿದರು. ಗಂಡು, ಹೆಣ್ಣು ಎರಡರಲ್ಲೂ ಫಲವತ್ತತೆ ಇಲ್ಲವಾಯಿತು, ಅದೂ ನೂರಕ್ಕೆ ನೂರು. 6ರಿಂದ 15 ತಿಂಗಳ ಅವಧಿಯಲ್ಲಿ ಹೆಣ್ಣುಗಳಿಗೆ ಫಲವತ್ತತೆ ಮೆಲ್ಲಗೆ ಮರಳಿತು. ಇದನ್ನು ಓದಿದಾಗ ನನಗೆ ಮೈ ಜುಂ ಎಂದಿತ್ತು. ಆದರೆ ಗಂಡುಗಳಲ್ಲಿ ವೃಷಣದ ಉರಿಯೂತವೂ ಕಂಡುಬಂತು ಎಂಬುದನ್ನು ನೋಟ್ಸಿನಲ್ಲಿ ಬಿಡಬೇಡಿ.

ಇಲಿಯ ಪಿಎಚ್-20ರಿಂದ ಲಸಿಕೆ ಮಾಡಿ ಇಲಿಗೇ ಕೊಟ್ಟಾಗ ಪ್ರತಿಕಾಯ ಬಂದರೂ ಮರಿ ಹುಟ್ಟುವುದು ನಿಲ್ಲಲಿಲ್ಲ. ಕಾರಣ ಊಹಿಸಲು ಬೇರೊಂದು ಪ್ರಯೋಗ ನೆರವಾಗುತ್ತದೆ: ಪಿಎಚ್-20ರ ಜೀನನ್ನೇ ತೆಗೆದ ಇಲಿಗಳೂ ಮರಿ ಹಾಕಿಸಿದವು. ಅಂಡಾಣುವಿನ ಸುತ್ತಲಿನ ಹಯಲುರಾನಿಕ್ ಆಮ್ಲದ ಅಂಟನ್ನು ಕರಗಿಸಲು ಪಿಎಚ್-20 ಅಲ್ಲದೆ ಇಲಿಯ ವೀರ್ಯಾಣುವಿನಲ್ಲಿ ಇನ್ನೊಂದು ಕಿಣ್ವವೂ ಇದೆ. ಒಂದು ಬಾಗಿಲು ಮುಚ್ಚಿದರೂ ಹಿತ್ತಿಲ ಬಾಗಿಲು ತೆರೆದೇ ಇತ್ತು.

ಹಾಗಾದರೆ ಬದಲಿಯೇ ಇಲ್ಲದ ಪ್ರೋಟೀನನ್ನು ಹಿಡಿದರಾಯಿತಲ್ಲ? 2005ರಲ್ಲಿ ಜಪಾನಿನವರು ಗುರುತಿಸಿದ ಇಜುಮೊ ಅಂಥದ್ದು. ಅದಿಲ್ಲದ ಗಂಡಿಲಿಗೆ ಮರಿಯಿಲ್ಲ. ತೊಡಕೆಂದರೆ, ವೀರ್ಯಾಣುವಿನ ತಲೆಯ ಅಕ್ರೋಸೋಮ್ ಚೀಲ ಒಡೆಯುವವರೆಗೆ ಅದು ಒಳಗೇ ಅಡಗಿರುತ್ತದೆ. ಪ್ರತಿಕಾಯಕ್ಕೆ ಸಿಗುವ ಸಮಯ ಅಷ್ಟೇ ಕಡಿಮೆ.

ನಮಗೆ ಹತ್ತಿರದ ಉದಾಹರಣೆ ಎಪ್ಪಿನ್ ಎಂಬ ವೀರ್ಯಾಣು ಪ್ರೋಟೀನು. ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ನಮ್ಮ ಕೈಯ ಬಾಳೆಹಣ್ಣು ಕಿತ್ತುಕೊಳ್ಳುತ್ತವಲ್ಲ, ನಡುಬೈತಲೆಯ ಬಾನೆಟ್ ಕೋತಿಗಳು, ಅದೇ ಜಾತಿಯ ಗಂಡುಗಳ ಮೇಲೆ ನಡೆದ ಪ್ರಯೋಗ. 2004ರ ಸೈನ್ಸ್ ಪತ್ರಿಕೆಯ ಆ ಪ್ರಬಂಧದಲ್ಲಿ ಅಮೆರಿಕದ ವಿಜ್ಞಾನಿ ಓ'ರ್‍ಯಾಂಡ್ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. 9 ಗಂಡುಗಳಲ್ಲಿ 7ಕ್ಕೆ ಪ್ರತಿಕಾಯ ಚೆನ್ನಾಗಿ ಏರಿತು. ಆ ಏಳೂ ಫಲ ಕೊಡಲಿಲ್ಲ. ಲಸಿಕೆ ನಿಲ್ಲಿಸಿದ ಮೇಲೆ 5 ಚೇತರಿಸಿಕೊಂಡವು. ಹೆಚ್ಚಿನವರು "78 ಶೇಕಡಾ ಯಶಸ್ಸು" ಎಂದು ಬರೆದು ಮುಂದೆ ಹೋಗುತ್ತಾರೆ. ನನ್ನನ್ನು ಕಾಡುವುದು ಉಳಿದವು: ಪ್ರತಿಕಾಯ ಏರದ ಎರಡು, ಚೇತರಿಸಿಕೊಳ್ಳದ ಎರಡು. ಒಂದೇ ಚುಚ್ಚುಮದ್ದಿಗೆ ಒಂದೊಂದು ಮೈ ಒಂದೊಂದು ರೀತಿ ಸ್ಪಂದಿಸುತ್ತದೆ. ಮನುಷ್ಯರಿಗೆ ಇಂಥ ಲಸಿಕೆ ಕೊಡಲು ದೊಡ್ಡ ಅಡ್ಡಿ ಇದೇ.

ಎಪ್ಪಿನ್ ವೀರ್ಯಾಣುವಿನ ಮೈಮೇಲೇ ಇರುವುದರಿಂದ ಓ'ರ್‍ಯಾಂಡ್ ತಂಡ ಮುಂದೆ ಲಸಿಕೆ ಬಿಟ್ಟು, ಎಪ್ಪಿನ್‌ಗೆ ಅಂಟುವ ಇಪಿ055 ಎಂಬ ಸಣ್ಣ ಅಣುವಿನತ್ತ ಹೊರಳಿತು. 2018ರಲ್ಲಿ ಅದನ್ನು ಕೋತಿಗಳ ರಕ್ತನಾಳಕ್ಕೆ ಹರಿಸಿದ 30 ಗಂಟೆಗಳ ನಂತರ ನೋಡಿದರೆ ವೀರ್ಯಾಣುಗಳ ಸಹಜ ಚಲನೆ ನಿಂತಿತ್ತು. 18 ದಿನದೊಳಗೆ ಎಲ್ಲ ಕೋತಿಗಳಲ್ಲೂ ಮರಳಿತ್ತು.