ಸಿಆರ್‌ಪಿ ನಾಲ್ಕು, ಆದರೆ ಎಷ್ಟು ಹೊತ್ತಿಗೆ?

“ಎಂಥ ಸಾಧು ಮಗು ನೋಡಿ, ನಿನ್ನೆಯಿಂದ ಒಂದು ಸಲವೂ ರಚ್ಚೆ ಹಿಡಿದಿಲ್ಲ.” ಮುಂಬೈ ಸಮೀಪದ ಡೊಂಬಿವಲಿಯ ಆಸ್ಪತ್ರೆಯೊಂದರಲ್ಲಿ ನನ್ನ ತಂಗಿಯ ಮಗಳ ಅತ್ತೆ ಹೀಗೆಂದಾಗ ಕೂಸು ಹುಟ್ಟಿ ನಲವತ್ತು ಗಂಟೆಯಾಗಿತ್ತು. ಬಾಣಂತಿ ಮಾತ್ರ ನಗಲಿಲ್ಲ. “ಬೆಳಗಿನಿಂದ ಎರಡು ಗುಟುಕು ಚೀಪಿ ಬಾಯಿ ಬಿಟ್ಟುಬಿಡುತ್ತಿದೆ ಮಾವ” ಎಂದಳು. ಸಂಜೆ ಬಂದ ಮಕ್ಕಳ ಡಾಕ್ಟರು ಹಣೆ ಮುಟ್ಟಲಿಲ್ಲ. ಕೈಯ ಹಿಂಬದಿಯನ್ನು ಮೊದಲು ಹೊಟ್ಟೆಗೆ, ಆಮೇಲೆ ಪಾದಕ್ಕೆ ಒತ್ತಿ ನೋಡಿದರು. ಹೊಟ್ಟೆ ಬೆಚ್ಚಗಿತ್ತು, ಪಾದ ತಣ್ಣಗಿತ್ತು. ಅರ್ಧ ಗಂಟೆಯೊಳಗೆ ಕೂಸು ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕ, ಸೇರಿತು. ರಕ್ತ ತೆಗೆದರು. ವರದಿಗೆ ಕಾಯದೆ ಆಂಟಿಬಯೋಟಿಕ್ ಶುರುಮಾಡಿದರು.

ಜ್ವರವೇ ಇಲ್ಲದ ಮಗುವಿಗೆ ಇಂಜೆಕ್ಷನ್ ಏಕೆ ಎಂದು ಕೇಳದವರಿಲ್ಲ. ನಂಜೇರಿದ, ಅಂದರೆ ಸೋಂಕು ರಕ್ತಕ್ಕೇ ಹರಡಿದ, ಹಸುಗೂಸಿನ ಮೈ ಬಿಸಿಯಾಗಲೇಬೇಕೆಂದಿಲ್ಲ, ತಣ್ಣಗಾಗಲೂಬಹುದು. ಅದು ಅಳದೆ ಸುಮ್ಮನಾಗುವುದೇ ಹೆಚ್ಚು ಭಯದ ಸಂಗತಿ. ಅಷ್ಟರಲ್ಲಿ ಕುಂದಾಪುರದಿಂದ ಫೋನು ಬಂತು: ಇದು ಬಾಲಗ್ರಹ, ಉಪ್ಪು ಮೆಣಸು ನಿವಾಳಿಸಿ, ನೂಲು ಮಂತ್ರಿಸಿ ಕಳಿಸುತ್ತೇವೆ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಸ್ಕಂದ, ಶಕುನಿ, ರೇವತಿ, ಪೂತನಾ ಮುಂತಾಗಿ ಒಂಬತ್ತು ಬಾಲಗ್ರಹಗಳ ಪಟ್ಟಿಯಿದೆ. ಮಗು ಮೊಲೆಯನ್ನು ಒಲ್ಲೆನ್ನುವುದನ್ನು ಅಲ್ಲಿಯೂ ಲಕ್ಷಣವಾಗಿ ಬರೆದಿಟ್ಟಿದ್ದಾರೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅಷ್ಟನ್ನು ಕಂಡವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಕೈಯಲ್ಲಿ ಸ್ಮಾರ್ಟ್‌ಫೋನ್ ಹಿಡಿದು ನಿವಾಳಿ ಹೇಳಿಕೊಟ್ಟು, ಆಸ್ಪತ್ರೆಗೆ ಅರ್ಧ ದಿನ ತಡ ಮಾಡಿಸುವವರ ಮೇಲೆ.

ಆದರೆ ಆ ರಾತ್ರಿ ನನ್ನ ತಲೆ ತಿಂದದ್ದು ಆ ನೂಲಲ್ಲ, ಒಂದು ಅಂಕಿ. ಎಂಟೂವರೆಗೆ ವಾಟ್ಸಾಪ್‌ನಲ್ಲಿ ವರದಿ ಬಂತು: ಸೋಂಕಿದ್ದರೆ ರಕ್ತದಲ್ಲಿ ಏರುವ ಸಿಆರ್‌ಪಿ, ಲೀಟರಿಗೆ 4 ಮಿಲಿಗ್ರಾಂ. ಹತ್ತರ ಕೆಳಗಿದ್ದರೆ ಸಾಮಾನ್ಯ ಎಂದು ಪಕ್ಕದಲ್ಲೇ ಅಚ್ಚಾಗಿತ್ತು. “ನಾರ್ಮಲ್ ಇದೆ ಮಾವ, ನಾಳೆ ಡಿಸ್ಚಾರ್ಜ್ ಕೇಳೋಣವೇ?” ಎಂದ ಅಳಿಯ. ಪರೇಲಿನ ಪ್ರಯೋಗಾಲಯವೊಂದರಲ್ಲಿ ಮೂವತ್ತು ವರ್ಷ ರಕ್ತದ ಮಾದರಿಗಳ ನಡುವೆ ಕಳೆದವನು ನಾನು. ನಾನು ಕೇಳಿದ್ದು ಒಂದೇ: “ಲಕ್ಷಣ ಕಂಡು ಎಷ್ಟು ಹೊತ್ತಿಗೆ ತೆಗೆದ ರಕ್ತ ಇದು?”

ಸಿಆರ್‌ಪಿ ಬ್ಯಾಕ್ಟೀರಿಯಾ ಅಲ್ಲ, ಬ್ಯಾಕ್ಟೀರಿಯಾದ ವಿಷವೂ ಅಲ್ಲ. ಅದು ನಮ್ಮದೇ ಯಕೃತ್ತು ತಯಾರಿಸುವ ಪ್ರೋಟೀನು. ಮಾಟುಂಗದ ಉಡುಪಿ ಹೋಟೆಲೊಂದನ್ನು ನೆನಪಿಸಿಕೊಳ್ಳಿ. ಗಿರಾಕಿ ಒಳಗೆ ಬಂದ, ಅಂದರೆ ರಕ್ತಕ್ಕೆ ಬ್ಯಾಕ್ಟೀರಿಯಾ ಹೊಕ್ಕಿತು. ಮಾಣಿ ಅಡುಗೆಮನೆಯತ್ತ ಕೂಗುತ್ತಾನೆ. ಆ ಕೂಗೇ ಇಂಟರ್‌ಲ್ಯೂಕಿನ್-6, ರೋಗನಿರೋಧಕ ಕಣಗಳು ಹೊರಡಿಸುವ ಸಂದೇಶ. ಕೂಗು ಕ್ಷಣದಲ್ಲಿ ಕೇಳಿಸುತ್ತದೆ, ಅಷ್ಟೇ ಬೇಗ ಗದ್ದಲದಲ್ಲಿ ಕರಗಿಹೋಗುತ್ತದೆ. ಅದನ್ನು ಅಳೆಯಬಹುದು, ಆದರೆ ನೀವು ಕಿವಿಗೊಡುವ ಹೊತ್ತಿಗೆ ಮುಗಿದಿರಬಹುದು. ಯಕೃತ್ತು ಒಳಗಿನ ಭಟ್ಟರು. ಕೂಗು ಕೇಳಿದ ಮೇಲೆ ಇಡ್ಲಿ ಬೇಯಿಸಲಿಡುತ್ತಾರೆ: ಜೀನ್ ಚಾಲೂ ಆಗಬೇಕು, ಪ್ರೋಟೀನು ಹೆಣೆಯಬೇಕು, ಐದು ತುಂಡು ಸೇರಿ ಉಂಗುರವಾಗಬೇಕು, ರಕ್ತಕ್ಕೆ ಸುರಿಯಬೇಕು. ಗಣನೀಯ ಏರಿಕೆ ಕಾಣಲು ಆರರಿಂದ ಹನ್ನೆರಡು ಗಂಟೆ, ಶಿಖರ ಮುಟ್ಟಲು ಒಂದೂವರೆ ಎರಡು ದಿನ. ಗಿರಾಕಿ ಕುಳಿತ ಐದನೇ ನಿಮಿಷಕ್ಕೆ ಮೇಜಿನ ಮೇಲೆ ಇಡ್ಲಿಯಿಲ್ಲವೆಂದು ನೋಡಿ, ಹೋಟೆಲಿಗೆ ಯಾರೂ ಬಂದೇ ಇಲ್ಲ ಎಂದರೆ ಹೇಗೆ?

ಸೋಂಕಿನ ಸುಳಿವಿಗೆ ರಕ್ತದಲ್ಲಿ ಅಳೆಯುವ ಇನ್ನೊಂದು ವಸ್ತು ಪ್ರೊಕ್ಯಾಲ್ಸಿಟೋನಿನ್. ಅದು ದೋಸೆ ಇದ್ದ ಹಾಗೆ. ಕಾವಲಿ ಕಾದೇ ಇರುತ್ತದೆ, ಎರಡರಿಂದ ನಾಲ್ಕು ಗಂಟೆಯಲ್ಲೇ ಏರತೊಡಗುತ್ತದೆ. ಇದು ಥೈರಾಯ್ಡ್ ಗ್ರಂಥಿಯ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನಿನ ಪೂರ್ವರೂಪ. ನಂಜೇರಿದಾಗ ಅದು ವಿಪರೀತ ಹೆಚ್ಚುತ್ತದೆಂದು ಫ್ರಾನ್ಸಿನ ವೈದ್ಯರು 1993ರಲ್ಲಿ ತೋರಿಸಿಕೊಟ್ಟರು. ಥೈರಾಯ್ಡ್ ಇಲ್ಲದವರಲ್ಲೂ ಏರುತ್ತದೆ, ಏಕೆಂದರೆ ಆಗ ಅದನ್ನು ತಯಾರಿಸಲು ಮೈಯೆಲ್ಲ ಕೈಹಾಕುತ್ತದೆ. ಹಾಗಾದರೆ ದೋಸೆಯನ್ನೇ ಎಣಿಸಬಹುದಲ್ಲ ಎಂದರೆ, ಹುಟ್ಟುವುದೆಂಬುದು ಹೋಟೆಲಿನ ಉದ್ಘಾಟನೆಯ ದಿನ. ಆರೋಗ್ಯವಂತ ಶಿಶುವಿನಲ್ಲೂ ಹುಟ್ಟಿದ ಮೊದಲ ದಿನದ ಕೊನೆಗೆ ಪ್ರೊಕ್ಯಾಲ್ಸಿಟೋನಿನ್ ಮಿಲಿಲೀಟರಿಗೆ 10 ನ್ಯಾನೋಗ್ರಾಂವರೆಗೂ ಹೋಗಿ, ಎರಡು ಮೂರು ದಿನದಲ್ಲಿ ತಾನಾಗಿ ಇಳಿಯಬಹುದು. ದೊಡ್ಡವರಲ್ಲಿ ಅರ್ಧ ನ್ಯಾನೋಗ್ರಾಂ ದಾಟಿದರೇ ಹುಬ್ಬೇರುತ್ತದೆ. ಕಷ್ಟದ ಹೆರಿಗೆ, ಗರ್ಭದ ನೀರಿನಲ್ಲೇ ಮಲ ಬಿಟ್ಟು ಅದನ್ನು ಉಸಿರಿಗೆಳೆದುಕೊಂಡ ಮಗು: ಇಂಥವು ಸೋಂಕಿಲ್ಲದೆಯೂ ಸಿಆರ್‌ಪಿಯನ್ನು ಏರಿಸಬಲ್ಲವು. ಹಾಗಾಗಿ ಹಸುಗೂಸಿನ ರಕ್ತವನ್ನು ಓದುವವರ ಮುಂದೆ ಎರಡು ಗಡಿಯಾರಗಳಿರಬೇಕು. ಒಂದು ಹುಟ್ಟಿದ ಗಳಿಗೆಯಿಂದ ಎಣಿಸುವುದು, ಇನ್ನೊಂದು ಲಕ್ಷಣ ಕಂಡ ಗಳಿಗೆಯಿಂದ.

ಈ ‘ಸಿ’ ಎಲ್ಲಿಂದ ಬಂತೆಂಬುದು ನನ್ನ ಅಚ್ಚುಮೆಚ್ಚಿನ ಕಥೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ಸೀರಮ್ಮಿಗೆ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿಗೆ) ನ್ಯುಮೋಕಾಕಸ್ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ, ‘ಸಿ’ ಎಂದು ಗುರುತು ಹಾಕಿದ ಅಂಶವನ್ನು ಬೆರೆಸಿದರು. ರೋಗ ಜೋರಾಗಿದ್ದವರ ಸೀರಮ್ಮಿನಲ್ಲಿ ಗಸಿ ಕಟ್ಟಿತು, ಗುಣವಾದವರದರಲ್ಲಿ ಕಟ್ಟಲಿಲ್ಲ. ‘ಸಿ’ಗೆ ಪ್ರತಿಕ್ರಿಯಿಸುವ ಪ್ರೋಟೀನು ಎಂಬ ಹೆಸರು ಹುಟ್ಟಿದ್ದು ಹೀಗೆ. ಅವರು ಕೆಲಸ ಮಾಡುತ್ತಿದ್ದುದು ಆಸ್ವಾಲ್ಡ್ ಏವರಿಯವರ ಪ್ರಯೋಗಾಲಯದಲ್ಲಿ. ಅದೇ ನ್ಯುಮೋಕಾಕಸ್ ಹಿಡಿದು 1944ರಲ್ಲಿ ಏವರಿ ತಂಡ ವಂಶವಾಹಿ ವಸ್ತು ಡಿಎನ್‌ಎ ಎಂದು ತೋರಿಸಿತು. ಒಂದೇ ಬ್ಯಾಕ್ಟೀರಿಯಾ, ಒಂದೇ ಪ್ರಯೋಗಾಲಯ, ಎರಡು ಲಾಟರಿ! ನಾನು ಕೆಲಸಕ್ಕೆ ಸೇರಿದಾಗಲೂ ಸಿಆರ್‌ಪಿ ಹೆಚ್ಚುಕಡಿಮೆ ಹೀಗೇ ಇತ್ತು. ಕಪ್ಪು ಗಾಜಿನ ಮೇಲೆ ಒಂದು ತೊಟ್ಟು ಸೀರಂ, ಸಿಆರ್‌ಪಿ ಇದ್ದರೆ ಗಂಟುಕಟ್ಟುವ ಲೇಟೆಕ್ಸ್ ಕಣಗಳ ದ್ರವ ಒಂದು ತೊಟ್ಟು. ಎರಡು ನಿಮಿಷ ತೂಗಿದರೆ ಹಾಲು ಒಡೆದ ಹಾಗೆ ಕಾಳುಕಾಳಾಗುತ್ತಿತ್ತು. ಈಗ ಯಂತ್ರ ದಶಮಾಂಶದೊಡನೆ ಅಂಕಿ ಕೊಡುತ್ತದೆ, ಜನ ಆ ದಶಮಾಂಶವನ್ನು ನಂಬುತ್ತಾರೆ. (ಕೆಲವು ಪ್ರಯೋಗಾಲಯಗಳು ಲೀಟರಿನ ಬದಲು ಡೆಸಿಲೀಟರಿಗೆ ಬರೆಯುತ್ತವೆ. ಆಗ ಅದೇ 4 ಎಂಬುದು 0.4 ಆಗುತ್ತದೆ. ಎರಡು ಕಡೆಯ ವರದಿ ಪಕ್ಕಪಕ್ಕ ಇಟ್ಟು ಹೌಹಾರಿದವರನ್ನು ನಾನೇ ಕಂಡಿದ್ದೇನೆ.)

ಮರುದಿನ ಬೆಳಗ್ಗೆ ಹತ್ತಕ್ಕೆ ಹಿಮ್ಮಡಿ ಚುಚ್ಚಿ ಮತ್ತೆ ರಕ್ತ ತೆಗೆದರು. ಸಿಆರ್‌ಪಿ 38. ಡಿಸ್ಚಾರ್ಜಿನ ಮಾತು ಅಲ್ಲಿಗೆ ನಿಂತಿತು.

ಏರುವುದರಷ್ಟೇ ಇಳಿಯುವುದೂ ಸ್ವಾರಸ್ಯ. ಹಳೆಯ ಚಾಳಿನ ತಾರಸಿಯ ಟಾಂಕಿಯನ್ನು ನೋಡಿದ್ದೀರಲ್ಲ, ತಳದಲ್ಲಿ ಸದಾ ಸೋರುವ ಒಂದು ತೂತು? ಸಿಆರ್‌ಪಿಗೂ ಅಂಥದೊಂದು ತೂತಿದೆ. ರಕ್ತದಲ್ಲಿರುವುದರ ಅರ್ಧ ಸುಮಾರು 19 ಗಂಟೆಗೊಮ್ಮೆ ಖಾಲಿಯಾಗುತ್ತದೆ. ಕಾಯಿಲೆ ಹೆಚ್ಚಲಿ, ಕಡಿಮೆಯಾಗಲಿ, ಈ ಸೋರಿಕೆ ಬದಲಾಗದು. ಆದ್ದರಿಂದ ಟಾಂಕಿಯ ಮಟ್ಟ ನೋಡಿದರೆ ಮೇಲಿನ ನಲ್ಲಿ ಎಷ್ಟು ಜೋರಾಗಿ ಬಿಡುತ್ತಿದೆ ಎಂದು ಗೊತ್ತಾಗುತ್ತದೆ. ಸೋಂಕಿನ ಬೆಂಕಿ ಆರಿದರೆ ನಲ್ಲಿ ನಿಲ್ಲುತ್ತದೆ, ಅಂಕಿ ದಿನಕ್ಕೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ನಮ್ಮ ಕೂಸಿನದು ಮೂರನೆಯ ದಿನ 46, ಆಮೇಲೆ 20, ಆಮೇಲೆ 9. ಆ ಇಳಿಜಾರನ್ನು ಕಾಗದದ ಮೇಲೆ ಗೀಟೆಳೆದು ಅಳಿಯನಿಗೆ ತೋರಿಸಿದೆ. ಆ ಕಾಗದ ಈಗಲೂ ಅವನ ಪಾಕೀಟಿನಲ್ಲಿದೆ.

ಇಷ್ಟಾದರೂ ಈ ಪರೀಕ್ಷೆಗಳು ರೋಗವನ್ನು ಹಿಡಿಯುವುದಕ್ಕಿಂತ ರೋಗವಿಲ್ಲ ಎನ್ನುವುದರಲ್ಲಿ ಗಟ್ಟಿಗ. ಬರೀ ಲೆಕ್ಕಕ್ಕಾಗಿ ಸಾವಿರ ಶಿಶುಗಳಲ್ಲಿ ಹತ್ತಕ್ಕೆ ನಂಜಿದೆ ಎನ್ನೋಣ. ಪರೀಕ್ಷೆ ನೂರಕ್ಕೆ ಎಂಬತ್ತು ಸಲ ಸರಿ ಹೇಳಲಿ. ಹತ್ತರಲ್ಲಿ ಎಂಟು ಸಿಕ್ಕವು. ಆದರೆ ಆರೋಗ್ಯವಾಗಿರುವ 990ರಲ್ಲಿ 198ರ ಮೇಲೂ ಸುಳ್ಳು ಆರೋಪ ಬಂತು. ‘ಏರಿದೆ’ ಎಂಬ 206 ವರದಿಗಳಲ್ಲಿ ನಿಜ ಎಂಟೇ. ‘ಏರಿಲ್ಲ’ ಎಂಬ 794ರಲ್ಲಿ ತಪ್ಪು ಎರಡೇ. ಅದಕ್ಕೇ ಜಾಣ ವೈದ್ಯರು ಲಕ್ಷಣ ನೋಡಿ ಔಷಧಿ ಶುರುಮಾಡುತ್ತಾರೆ, ಸರಣಿ ವರದಿ ನೋಡಿ ನಿಲ್ಲಿಸುತ್ತಾರೆ. 2017ರಲ್ಲಿ ಯುರೋಪ್ ಮತ್ತು ಕೆನಡಾದ 1,710 ಶಿಶುಗಳ ಮೇಲಿನ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಪ್ರೊಕ್ಯಾಲ್ಸಿಟೋನಿನ್ ನೋಡಿ ನಡೆದ ಗುಂಪಿನಲ್ಲಿ ಆಂಟಿಬಯೋಟಿಕ್ ಅವಧಿ 65 ಗಂಟೆಯಿಂದ 55ಕ್ಕೆ ಇಳಿಯಿತು. ಹತ್ತು ಗಂಟೆ ಏನು ಮಹಾ ಎನ್ನಬೇಡಿ. ಔಷಧಿಗೆ ಬಗ್ಗದ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಎನ್‌ಐಸಿಯುಗಳಲ್ಲಿ ಬೀಡುಬಿಟ್ಟಿರುವ ದೇಶ ನಮ್ಮದು.

ಇನ್ನು ಗಡಚಿರೋಲಿ. ಮಹಾರಾಷ್ಟ್ರದ ಆ ಕಾಡು ಜಿಲ್ಲೆಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ನಂಜಿನ ಚಿಹ್ನೆಗಳನ್ನು ಗುರುತಿಸಲು ಕಲಿಸಿ, ಮನೆಯಲ್ಲೇ ಔಷಧಿ ಕೊಡಿಸಿದರು. ನವಜಾತ ಶಿಶುಗಳ ಸಾವು ಸುಮಾರು 62 ಪ್ರತಿಶತ ಇಳಿಯಿತೆಂದು 1999ರಲ್ಲಿ ಪ್ರಕಟಿಸಿದರು. ಒಂದು ಹನಿ ರಕ್ತವನ್ನೂ ಪರೀಕ್ಷಿಸದೆ! ಅಳು ಕ್ಷೀಣಿಸಿತೇ, ಹಾಲು ಬಿಟ್ಟಿತೇ, ಮೈ ಜೋತುಬಿತ್ತೇ ಎಂದು ನೋಡುವ ಕಣ್ಣು ಅಲ್ಲಿ ಕೆಲಸ ಮಾಡಿತು. ನಮ್ಮ ಬಾಣಂತಿ “ಎರಡು ಗುಟುಕು” ಎಂದದ್ದು ಆ ರಾತ್ರಿಯ ವರದಿಗಿಂತ ಗಂಟೆಗಟ್ಟಲೆ ಮುಂದಿತ್ತು.

ಐದನೆಯ ದಿನ ಬ್ಲಡ್ ಕಲ್ಚರ್, ಅಂದರೆ ರಕ್ತವನ್ನು ಬಾಟಲಿಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಯ, ವರದಿ ಬಂತು: ಏನೂ ಬೆಳೆದಿಲ್ಲ. “ಹಾಗಾದರೆ ಸೋಂಕೇ ಇರಲಿಲ್ಲವೇ ಮಾವ?” ಎಂದ ಅಳಿಯ. ಮೂರು ಕಿಲೋ ಕೂಸಿನ ಮೈಯಲ್ಲಿರುವುದೇ ಸುಮಾರು 250 ಮಿಲಿಲೀಟರ್ ರಕ್ತ. ಒಂದು ಕಿಲೋದ ಅವಧಿಪೂರ್ವ ಶಿಶುವಾದರೆ ಕಟಿಂಗ್ ಚಹದ ಒಂದು ಲೋಟದಷ್ಟು. ಒಂದು ಮಿಲಿಲೀಟರಿನಲ್ಲಿ ಬ್ಯಾಕ್ಟೀರಿಯಾ ನಾಲ್ಕೈದೇ ಇದ್ದರೂ ಇದ್ದೀತು. ಬಾಟಲಿಗೆ ಎಷ್ಟು ಹಾಕಿದ್ದಿರಿ ಎಂದು ನರ್ಸ್ ಅನ್ನು ಕೇಳಿದೆ. ಆಕೆ ಖಾಲಿ ಸಿರಿಂಜು ಎತ್ತಿ, ಅರ್ಧ ಮಿಲಿಲೀಟರಿನ ಗೀಟಿನ ಮೇಲೆ ಉಗುರಿಟ್ಟು ತೋರಿಸಿದರು. ಅಷ್ಟೇ ಸಿಕ್ಕಿದ್ದು ಎಂದರು.